ಎರಡು ತಂತಿ ಉಳಿದಿವೆ

ಬೆಸುಗೆ ಹಾಕುತ್ತಿದ್ದವನು ಶವಪೆಟ್ಟಿಗೆಯ ಸತುವಿನ ತಗಡಿನ ಮೂರನೆಯ ಮೂಲೆಗೆ ಬಂದಾಗ ನಿಕೊಲೀನಾ ಕಿಟಕಿ ತೆರೆಯಲೆಂದು ಎದ್ದಳು.

"ತೆಗೀಬೇಡಿ ಡೊನ್ನಾ ನಿಕೊಲೀನಾ, ಗಾಳಿ ಆಡಿದ್ರೆ ತವರ ಸರಿಯಾಗಿ ಕೂರಲ್ಲ" ಎಂದ ಅವನು, ತಲೆ ಎತ್ತದೆ.

"ವಾಸನೆ ತಡಿಯಕ್ಕಾಗ್ತಿಲ್ಲಪ್ಪ."

"ಇನ್ನೊಂದು ಚೂರು ತಡ್ಕೊಳ್ಳಿ. ಮಣ್ಣಲ್ಲಿ ಹೂಳೋದಲ್ಲ, ಸ್ಮಶಾನದ ಗೋಡೆ ಗೂಡಲ್ಲಿ ಇಡೋ ಪೆಟ್ಟಿಗೆ ಇದು. ಎಲ್ಲಾದ್ರೂ ಸಂದಿ ಬಿಟ್ರೆ ಸ್ಮಶಾನದವರು ಗೇಟಲ್ಲೇ ನಿಲ್ಲಿಸ್ತಾರೆ."

ಎರ್ಸಿಲಿಯಾಳ ಮುಖದ ಮೇಲೆ ತಗಡು ಮುಚ್ಚಿ ಆಗಲೇ ಸ್ವಲ್ಪ ಹೊತ್ತಾಗಿತ್ತು. ಕೋಣೆಯ ನಡುವೆ ಎರಡು ಕಬ್ಬಿಣದ ಕಾಲುಗಳ ಮೇಲೆ ಪೆಟ್ಟಿಗೆ ನಿಂತಿತ್ತು. ಗೋಡೆಗೆ ಒರಗಿಸಿದ ಕುರ್ಚಿಗಳಲ್ಲಿ ಕೂತ ಹೆಂಗಸರು ಜಪಮಣಿ ಎಣಿಸುವುದನ್ನು ನಿಲ್ಲಿಸಿ, ಬೆಸುಗೆಯ ಸಣ್ಣ ನೀಲಿ ಉರಿಯನ್ನು ನೋಡುತ್ತಿದ್ದರು. ಅಂಗಳದ ಎದುರು ಮನೆಯ ತಿತೀನಾ ಕಾಫಿ ತಟ್ಟೆ ಹಿಡಿದು ಒಳಗೆ ಬಂದವಳು ಪೆಟ್ಟಿಗೆಯ ಅಂಚನ್ನು ಬಗ್ಗಿ ನೋಡಿದಳು.

"ಅಯ್ಯೋ, ಎಮ್ಮೆ ಜೊಲ್ಲು ಸುರಿಸಿದ ಹಾಗೆ ಸುರಿಸಿದೀಯಲ್ಲೋ. ಎರ್ಸಿಲಿಯಾಗೆ ಎದ್ದು ಕೂರೋಕೆ ಆಗಿದ್ರೆ ನಿನ್ನ ಕೈಯಿಂದ ಕಿತ್ಕೊಂಡು ತಾನೇ ಹಾಕೋಳು."

"ಈ ತನಕ ಒಳಗಿದ್ದವರು ಯಾರೂ ದೂರು ಹೇಳಿಲ್ಲ ಬಿಡಿ" ಎಂದ ಅವನು.

ಒಬ್ಬಿಬ್ಬರು ನಕ್ಕರು. ನಿಕೊಲೀನಾ ನಗಲಿಲ್ಲ. ನಾಲ್ಕು ತಿಂಗಳು ತಂಗಿ ಎರ್ಸಿಲಿಯಾಳ ಮೈ ತೊಳೆದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಕೂತಳು. ಅವಳ ಮಗಳು ಮರಿಲೇನಾ ಪಕ್ಕಕ್ಕೆ ಬಂದು ಕುಕ್ಕರಿಸಿದಳು.

"ಅಮ್ಮಾ, ಕೊನೇ ಸಲ ಕೇಳ್ತಿದೀನಿ. ಅಜ್ಜಿ ಪಕ್ಕದ ಗೂಡು ನಿಂದು. ನೀನೇ ಕಾದಿರಿಸಿದ್ದು. ಚಿಕ್ಕಮ್ಮನಿಗೆ ಹೊಸ ಸಾಲಲ್ಲಿ ಜಾಗ ಕೊಡ್ತೀವಿ ಅಂದಿದಾರೆ ನಗರಸಭೆಯವರು."

"ಅವಳಿಗೇ ಇರಲಿ."

"ಮತ್ತೆ ನೀನು?"

"ನನ್ನನ್ನ ಎಲ್ಲಿ ಬೇಕಾದ್ರೂ ಇಡು. ನಾನು ಅಮ್ಮನ ಜೊತೆ ಕೊನೆತನಕ ಇದ್ದೆ. ಅವಳಿಗೆ ಅದೂ ಸಿಗಲಿಲ್ಲ. ಯಾರೂ ಹೇಳಲೇ ಇಲ್ಲ ಅವಳಿಗೆ. ಆ ದರಿದ್ರ ಗೇಟಿನವನು..." ಅಷ್ಟಕ್ಕೇ ನಿಲ್ಲಿಸಿ ಶಿಲುಬೆಯ ಗುರುತು ಮಾಡಿಕೊಂಡಳು, ಗೇಟಿನವನೂ ಸತ್ತಿದ್ದ ಎಂಬುದು ನೆನಪಾಗಿ. "ಈಗಲಾದ್ರೂ ಅಮ್ಮನ ಪಕ್ಕ ಮಲಗಲಿ."

ಆ ಗೇಟಿನವನ ವಿಷಯ ಕಾಪುವಾ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹದಿನೈದು ವರ್ಷದ ಹಿಂದೆ, ತಾಯಿ ಅಮಾಲಿಯಾ ಸಾಯುವ ದಿನ, ಎರ್ಸಿಲಿಯಾ ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರಕ್ಕೆ ನಿಕೊಲೀನಾ ಫೋನ್ ಮಾಡಿದ್ದಳು. ಎತ್ತಿದ್ದು ಕಾವಲುಗಾರ ಅನಿಯೆಲ್ಲೊ. ಹೇಳ್ತೀನಿ ಎಂದಿದ್ದ. ಹೇಳಲಿಲ್ಲ. ಎರ್ಸಿಲಿಯಾ ಮನೆಗೆ ಬಂದಾಗ ತಾಯಿಯ ಗಲ್ಲಕ್ಕೆ ಬಟ್ಟೆ ಕಟ್ಟಿಯಾಗಿತ್ತು. ಅಂದಿನಿಂದ ನಿಕೊಲೀನಾ ಅನಿಯೆಲ್ಲೊನನ್ನು ಮಾತಾಡಿಸಲಿಲ್ಲ. ಸಂತೆಯಲ್ಲಿ ಎದುರಾದರೆ ನೆಲಕ್ಕೆ ಉಗಿದು ದಾಟುತ್ತಿದ್ದಳು. ಹೋದ ವರ್ಷ ಅವನು ಸತ್ತಾಗ ಸಾವಿನ ಗೌರವಕ್ಕೆಂದು ಬೀದಿಯ ಬಾಗಿಲುಗಳೆಲ್ಲ ಅರ್ಧ ಮುಚ್ಚಿದ್ದವು. ಇವಳು ಮಾತ್ರ ತನ್ನ ಬಾಗಿಲನ್ನು ಅಗಲವಾಗಿ ತೆರೆದು ಬಟ್ಟೆ ಒಣಹಾಕಿದ್ದಳು.

\* \* \*

ಎರ್ಸಿಲಿಯಾ ಮೊದಲು ಚಿನ್ನದ ಕೆಲಸದವಳು. ಮಾರ್ಚಾನೀಸೆಯ ಕಾರ್ಖಾನೆಯೊಂದರಲ್ಲಿ ಸರಪಳಿಯ ಕೊಂಡಿಗಳನ್ನು ಬೆಸೆಯುತ್ತಿದ್ದಳು. ಕೂದಲೆಳೆಯಷ್ಟು ತೆಳು ಕೊಂಡಿಗಳು. ಮೂವತ್ತು ದಾಟುವ ಹೊತ್ತಿಗೆ ಅವಳ ಬೆರಳ ತುದಿಗಳು ಬೆಂದು ಬೆಂದು ಗಟ್ಟಿಯಾಗಿದ್ದವು. ಕಾರ್ಖಾನೆ ಮುಚ್ಚಿದಾಗ, ಊರ ಹೊರಗೆ ಹೊಸದಾಗಿ ಕಟ್ಟಿದ ಕೇಂದ್ರಕ್ಕೆ ಸಣ್ಣ ತಂತಿ ಬೆಸೆಯಬಲ್ಲ ಕೈ ಬೇಕಂತೆ ಎಂದು ಯಾರೋ ಹೇಳಿದರು. ಹೋದಳು. ತೆಗೆದುಕೊಂಡರು.

"ಅಲ್ಲೇನು ಮಾಡ್ತಾರೆ?" ಎಂದು ತಾಯಿ ಕೇಳಿದಳು.

"ಸುಡ್ತಾರೆ."

"ಏನನ್ನ?"

"ನಾನು ಮಾಡಿ ಕೊಟ್ಟಿದ್ದನ್ನ."

ಬಾಹ್ಯಾಕಾಶದಿಂದ ಭೂಮಿಗೆ ಮರಳುವ ಕೋಶ, ಅಂದರೆ ಕ್ಯಾಪ್ಸೂಲ್, ಬಂದೂಕಿನ ಗುಂಡನ್ನೂ ಮೀರಿದ ವೇಗದಲ್ಲಿ ಗಾಳಿಗೆ ನುಗ್ಗುವಾಗ ಅದರ ಮುಂದಿನ ಗಾಳಿಯೇ ಬೆಂಕಿಯಾಗುತ್ತದೆ. ಕೇಂದ್ರದವರು ಆ ಬೆಂಕಿಯನ್ನು ನೆಲದ ಮೇಲೆ, ಒಂದು ದೊಡ್ಡ ಉಕ್ಕಿನ ಸುರಂಗದಲ್ಲಿ ಹುಟ್ಟಿಸುತ್ತಿದ್ದರು. ಅದಕ್ಕೆ ಬೇಕಾದ ವಿದ್ಯುತ್ತು ಎಷ್ಟೆಂದರೆ ವಿದ್ಯುತ್ ಕಂಪನಿಯವರನ್ನು ಮೊದಲೇ ಕೇಳಿ ದಿನ, ಗಂಟೆ ಗೊತ್ತುಮಾಡಿಕೊಳ್ಳಬೇಕಿತ್ತು. ಕೋಶದ ಹೊರಕವಚದ ತುಂಡೊಂದನ್ನು ಆ ಉರಿಯೊಳಗೆ ಚಾಚಿ ಕೆಲವು ನಿಮಿಷ ಹಿಡಿಯುತ್ತಿದ್ದರು. ಕವಚ ಪದರ ಪದರವಾಗಿ ಸುಟ್ಟು ಹೋಗಬೇಕು, ಆದರೆ ಶಾಖ ಒಳಗೆ ಇಳಿಯಬಾರದು. ಎಲ್ಲಿತನಕ ಇಳಿಯಿತು ಎಂದು ತಿಳಿಯಲು ತುಂಡಿನ ಹಿಂಬದಿಯಿಂದ ಬೇರೆ ಬೇರೆ ಆಳಕ್ಕೆ ಸಣ್ಣ ತೂತು ಕೊರೆದು ಶಾಖ ಅಳೆಯುವ ತಂತಿ ಕೂರಿಸಬೇಕು. ಅದು ಎರ್ಸಿಲಿಯಾಳ ಕೆಲಸ. ಉರಿ ಹತ್ತಿದಾಗ ಮೇಲಿನ ತಂತಿ ಮೊದಲು ಸಾಯುತ್ತದೆ, ಆಮೇಲೆ ಅದರ ಕೆಳಗಿನದು. ಪರದೆಯ ಮೇಲೆ ಒಂದೊಂದೇ ಗೆರೆ ಏರಿ ಕಡಿದುಹೋಗುತ್ತದೆ. ತಳದ ತಂತಿ ಬದುಕಿದ್ದರೆ ಎಲ್ಲರೂ ಉಸಿರು ಬಿಡುತ್ತಾರೆ.

ಅಂಥ ದಿನ ಅವಳ ಕೂದಲಿಗೆ ಸುಟ್ಟ ಅಂಟಿನ ವಾಸನೆ ಹತ್ತಿರುತ್ತಿತ್ತು. ತಾಯಿ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, "ನರಕಕ್ಕೆ ಹೋಗಿ ಬಂದ್ಯಾ?" ಎನ್ನುತ್ತಾ ತಾನೇ ತಲೆಗೆ ನೀರು ಹಾಕುತ್ತಿದ್ದಳು. ಬಸ್ಸಿನ ಕಂಡಕ್ಟರ್ ಒಬ್ಬ ಎರಡು ವರ್ಷ ಎರ್ಸಿಲಿಯಾಳ ಹಿಂದೆ ಬಿದ್ದಿದ್ದ. ಮದುವೆಯಾದ ಮೇಲೆ ಸಲೆರ್ನೊದಲ್ಲಿ ಇರೋಣ ಎಂದ. ಯೋಚಿಸ್ತೀನಿ ಎಂದವಳು ಯೋಚಿಸುತ್ತಲೇ ಉಳಿದಳು; ಅವನು ಬೇರೆ ಮದುವೆಯಾದ. ತಾಯಿ ಇದನ್ನು ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದಳು: "ನನ್ನ ಬಿಟ್ಟು ಹೋಗೋದಿಲ್ಲ ಅಂದ್ಲು ನನ್ನ ಮಗಳು." ಬೀದಿಯ ಆ ತುದಿಯಲ್ಲಿ ಸಂಸಾರ ಹೂಡಿದ್ದ ನಿಕೊಲೀನಾ ದಿನಾ ಎರಡು ಹೊತ್ತು ಬಂದು ಅಡುಗೆ ಮಾಡಿ, ಬಟ್ಟೆ ಒಗೆದು ಹೋಗುತ್ತಿದ್ದಳು. ಅದನ್ನು ತಾಯಿ ಹೇಳಿಕೊಂಡದ್ದನ್ನು ಯಾರೂ ಕೇಳಿಲ್ಲ.

\* \* \*

ಇಗರ್ಜಿ ತಣ್ಣಗಿತ್ತು. ವೊಲ್ತೂರ್ನೊ ನದಿಯ ಮೇಲಿನಿಂದ ಎದ್ದ ಮಂಜು ಬಾಗಿಲು ತೆರೆದಾಗಲೆಲ್ಲ ಒಳಗೆ ಇಣುಕುತ್ತಿತ್ತು. ಕೇಂದ್ರದಿಂದ ಹತ್ತು ಹನ್ನೆರಡು ಜನ ಬಂದಿದ್ದರು. ಹಳಬರು, ಕೆಲವರು ನಿವೃತ್ತರು. ಪೂಜೆ ಮುಗಿದು ಪಾದ್ರಿ ಪೆಟ್ಟಿಗೆಯ ಮೇಲೆ ಪವಿತ್ರಜಲ ಚಿಮುಕಿಸಿದ ಮೇಲೆ, "ಎರ್ಸಿಲಿಯಾ ಬಗ್ಗೆ ಇಂಜಿನಿಯರ್ ಮೆನ್ನಿಲ್ಲೊ ಎರಡು ಮಾತು ಆಡ್ತಾರೆ" ಎಂದರು.

ಮೆನ್ನಿಲ್ಲೊ ಅವಳ ಮೇಲಧಿಕಾರಿಯಾಗಿದ್ದವನು. ದಪ್ಪನೆಯ, ಮೆದು ಮಾತಿನ ಮುದುಕ. ಅಳು ಬರದಂತೆ ಮೊದಲೇ ಕರವಸ್ತ್ರ ಕೈಯಲ್ಲಿ ಹಿಡಿದಿದ್ದ.

"ನಾನು ಭಾಷಣ ಮಾಡೋನಲ್ಲ" ಎಂದ. "ಆಕೆ ಎಂಥವಳು ಅಂತ ಒಂದೇ ಒಂದು ವಿಷಯ ಹೇಳ್ತೀನಿ. ಒಂದು ಸಲ ಒಂದು ಕೋಶದ ಪರೀಕ್ಷೆ ಇತ್ತು. ಎಲ್ಲೋ ದೂರದ ಪುಟ್ಟ ಲೋಕದಿಂದ ಒಂದು ಹಿಡಿ ಧೂಳು ತರೋಕೆ ಅಂತ ಮಾಡ್ತಿದ್ದ ಕೋಶ. ಅಷ್ಟು ವೇಗದ ಉರಿ ನಾವು ಯಾವತ್ತೂ ಹಚ್ಚಿರಲಿಲ್ಲ. ಆ ದಿನ ತಪ್ಪಿದ್ರೆ ಮತ್ತೆ ವಿದ್ಯುತ್ ಸಿಗೋದು ವಸಂತ ಕಳೆದ ಮೇಲೆ. ಬೆಳಿಗ್ಗೆ ಆಕೆ ತಂತಿ ಕೂರಿಸ್ತಾ ಇದ್ದಾಗ ಗೇಟಿನಿಂದ ಅನಿಯೆಲ್ಲೊ ಓಡಿ ಬಂದ. ಒಳಗೆ ಫೋನ್ ಮಾಡಿ ಹೇಳಲಿಲ್ಲ, ಆ ಕಾಲು ನೋವಲ್ಲೂ ಓಡಿ ಬಂದ. 'ಎರ್ಸಿಲಿಯಾ, ಅಮ್ಮ ಹೋಗ್ತಿದಾರಂತೆ, ಅಕ್ಕ ಕರೀತಿದಾರೆ' ಅಂದ. ನಾನು ನನ್ನ ಕಾರಿನ ಬೀಗದಕೈ ಕೊಟ್ಟು ಹೋಗಮ್ಮ ಅಂದೆ. ಆಕೆ ತಲೆ ಎತ್ತಲಿಲ್ಲ. 'ಎರಡು ತಂತಿ ಉಳಿದಿವೆ ಇಂಜಿನಿಯರ್ರೇ' ಅಂದ್ಲು. ಕೂರಿಸಿದ್ಲು. ಎರಡೂ ಒಂದೇ ಸಲಕ್ಕೆ ಕೂತವು. ಅಂಥವಳು ಆಕೆ. ಅಂಥವರು ಇನ್ನು ಹುಟ್ಟಲ್ಲ."

ಅವನು ಕರವಸ್ತ್ರ ಮುಖಕ್ಕೆ ಒತ್ತಿಕೊಂಡ. ಕೇಂದ್ರದವರು ತಲೆ ತಗ್ಗಿಸಿದರು. ಊರಿನವರು ತಗ್ಗಿಸಲಿಲ್ಲ. ಒಂದೊಂದೇ ತಲೆ ಮುಂದಿನ ಸಾಲಿನ ಕಡೆ ತಿರುಗಿತು. ತಿತೀನಾಳ ಬಾಯಿ ತೆರೆದೇ ಇತ್ತು.

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರ್ರೆಂದಿತು. ಅನಿಯೆಲ್ಲೊನ ಹೆಂಡತಿ ಲುಯಿಸೆಲ್ಲಾ ಎದ್ದು ನಿಂತಿದ್ದಳು. ಎರ್ಸಿಲಿಯಾ ತನಗೆ ಎಂದೂ ಕೆಟ್ಟದ್ದು ಮಾಡಿದವಳಲ್ಲ ಎಂದುಕೊಂಡು ಸಾವಿಗೆ ಬಂದವಳು. ಪೆಟ್ಟಿಗೆಯನ್ನು ಹೊರಗೆ ಒಯ್ಯುವ ತನಕ ನಿಕೊಲೀನಾಳ ಬೆನ್ನನ್ನೇ ನೋಡುತ್ತ ಹಾಗೇ ನಿಂತಿದ್ದಳು.

\* \* \*

ಮೆನ್ನಿಲ್ಲೊ ಹೇಳಿದ್ದು ನಿಜ. ಆದರೆ ಅವನು ನಿಂತಿದ್ದ ಜಾಗದಿಂದ ಎಲ್ಲವೂ ಕಾಣುತ್ತಿರಲಿಲ್ಲ.

ಅನಿಯೆಲ್ಲೊ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಾಗ ಎರ್ಸಿಲಿಯಾ ಭೂತಗನ್ನಡಿಯ ಕೆಳಗೆ ಕವಚದ ತುಂಡನ್ನು ಇಟ್ಟುಕೊಂಡಿದ್ದಳು. ತಾಯಿ ಎಂಬ ಮಾತು ಕೇಳಿದೊಡನೆ ಅವಳಿಗೆ ಮೊದಲು ಕಂಡದ್ದು ತಾಯಿಯ ಮಂಚ, ಮಂಚದ ಪಕ್ಕದ ಬೇಸಿನ್ನು, ಹಿಂದಿನ ಮೂರು ರಾತ್ರಿ ಕೇಳಿದ ಗೊರಗೊರ ಸದ್ದು. ಆ ಕೋಣೆಗೆ ಮತ್ತೆ ಕಾಲಿಡುವುದು ತನ್ನಿಂದಾಗದು ಎಂದು ಮೈ ಹೇಳಿತು. ತಂದೆ ಸತ್ತಾಗಲೂ ಅವಳು ಮಾಳಿಗೆಯಲ್ಲಿ ಅಡಗಿಕೊಂಡಿದ್ದಳು. ಆಗ ಹುಡುಗಿ, ಯಾರೂ ಏನೂ ಅನ್ನಲಿಲ್ಲ. ಈಗ ಅಡಗಲು ಇದ್ದದ್ದು ಆ ಎರಡು ತೂತುಗಳು ಮಾತ್ರ. ಅವುಗಳ ಮುಂದೆ ಕೂತಿರುವಷ್ಟು ಹೊತ್ತು ಯಾರೂ ಅವಳನ್ನು ಏಳಿಸುವಂತಿರಲಿಲ್ಲ.

"ಎರಡು ತಂತಿ ಉಳಿದಿವೆ" ಎಂದಳು. ಕೂರಿಸಿದಳು. ಅಲ್ಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ತುಂಡನ್ನು ಉರಿಯೊಳಗೆ ಚಾಚುವ ಉಕ್ಕಿನ ತೋಳಿಗೆ ಬಿಗಿಯುವಾಗ ಜೊತೆಗೆ ನಿಂತಳು. ಪಂಪುಗಳು ಸುರಂಗದ ಗಾಳಿಯನ್ನು ಹೀರುವ ತನಕ ನಿಂತಳು. ಉರಿ ಹತ್ತಿ ಗೋಡೆಗಳೆಲ್ಲ ಗುಂಯ್‌ಗುಟ್ಟಿದಾಗ, ನಿಯಂತ್ರಣ ಕೋಣೆಯ ಮೂಲೆಯಲ್ಲಿ ನಿಂತು ಪರದೆಯ ಗೆರೆಗಳು ಒಂದೊಂದಾಗಿ ಕಡಿಯುವುದನ್ನು ನೋಡಿದಳು. ತಳದ ಗೆರೆ ಕಡಿಯಲಿಲ್ಲ. ಎಲ್ಲರೂ ಕೂಗಿದರು, ಒಬ್ಬರನ್ನೊಬ್ಬರು ತಬ್ಬಿದರು, ಅವಳನ್ನೂ ತಬ್ಬಿದರು.

ಮನೆಗೆ ಹೊರಟಾಗ ಸಂಜೆಯಾಗುತ್ತಿತ್ತು. ಕಾರು ಬೇಡವೆಂದು ಸೈಕಲ್ ತಳ್ಳಿಕೊಂಡೇ ನಡೆದಳು, ಹತ್ತಲಿಲ್ಲ.

\* \* \*

ಇಗರ್ಜಿಯ ಮೆಟ್ಟಿಲ ಮೇಲೆ ಜನ ಸಾಲಾಗಿ ಬಂದು ನಿಕೊಲೀನಾಳ ಕೆನ್ನೆಗೆ ಮುತ್ತಿಟ್ಟು ಹೋಗುತ್ತಿದ್ದರು.  ಲುಯಿಸೆಲ್ಲಾ ಕೊನೆಗೆ ಬಂದಳು. ಅವಳು ಮುತ್ತಿಡಲಿಲ್ಲ.

"ಕೇಳಿಸ್ಕೊಂಡ್ಯಾ?" ಎಂದಳು.

ನಿಕೊಲೀನಾ ತಲೆ ಆಡಿಸಿದಳು.

"ನಾನು ಜಗಳಕ್ಕೆ ಬಂದಿಲ್ಲ, ಇವತ್ತು ನಿನ್ನ ತಂಗಿ ಪೆಟ್ಟಿಗೆ ಮುಂದೆ ಇದೆ. ಒಂದು ಮಾತು ಮಾತ್ರ ಹೇಳಿ ಹೋಗ್ತೀನಿ. ನಮ್ಮ ಮನೆಯವರು ಮೊದಮೊದಲು 'ನಾನು ಹೇಳಿದೆ ಕಣೇ, ಓಡಿ ಹೋಗಿ ಹೇಳಿದೆ' ಅಂತಿದ್ರು. ನೀನು ಉಗೀತಾ ಬಂದೆ. ವರ್ಷಾನುಗಟ್ಟಲೆ ಉಗಿದೆ. ಊರೂ ನಿನ್ನ ಮಾತೇ ಆಡ್ತು. ಆಮೇಲೆ ಅವರಿಗೇ ಅನುಮಾನ ಬಂತು. 'ಬಹುಶಃ ನಾನು ಮರ್ತೇಬಿಟ್ನೇನೋ ಲುಯಿಸೇ, ಓಡಿದ್ದು ಬೇರೆ ಯಾವುದಕ್ಕೋ ಇರಬೇಕು' ಅನ್ನೋರು. ಸಾಯೋ ವಾರ ಪಾದ್ರಿ ಹತ್ರ ಪಾಪ ಒಪ್ಕೊಂಡ್ರು ಗೊತ್ತಾ? ಮಾಡದೇ ಇರೋ ಪಾಪ. ಬಾಗಿಲಾಚೆ ನಿಂತಿದ್ದ ನಂಗೂ ಕೇಳಿಸ್ತು."

"ಲುಯಿಸೆಲ್ಲಾ..."

"ಬೇಡ. ಏನೂ ಹೇಳ್ಬೇಡ." ಅವಳು ಶಾಲು ಎಳೆದುಕೊಂಡು ಮೆಟ್ಟಿಲಿಳಿದಳು. ಮಂಜಿನಲ್ಲಿ ಸ್ವಲ್ಪ ದೂರದ ತನಕ ಅವಳ ಕೋಲಿನ ಸದ್ದು ಕೇಳಿತು.

ಮೆನ್ನಿಲ್ಲೊ ಕಂಬದ ಹತ್ತಿರ ನಿಂತು ಇದನ್ನೆಲ್ಲ ಕೇಳಿದ್ದ. ಅವನ ಮುಖ ಬಿಳಿಚಿತ್ತು. "ಸಿಞೋರಾ, ನನಗೆ ಗೊತ್ತಿರಲಿಲ್ಲ. ನಾನು ಒಳ್ಳೇದು ಹೇಳ್ತಿದೀನಿ ಅಂದ್ಕೊಂಡೆ."

"ನಿಜ ಹೇಳಿದ್ರಿ. ತಪ್ಪೇನು?" ನಿಕೊಲೀನಾ ಅವನನ್ನು ದಿಟ್ಟಿಸಿದಳು. "ಆ ಧೂಳು ಬಂತಾ?"

"ಬಂತು. ಎಷ್ಟೋ ವರ್ಷ ಆದ್ಮೇಲೆ, ಒಂದು ಮರುಭೂಮಿಯಲ್ಲಿ ಬಿತ್ತು. ಕವಚ ಕರಕಲಾಗಿತ್ತು, ಒಳಗೆ ತಣ್ಣಗಿತ್ತು. ನಾನೇ ಫೋನ್ ಮಾಡಿ ಹೇಳಿದೆ ಆಕೆಗೆ."

"ಏನಂದ್ಲು?"

"'ಒಳ್ಳೇದಾಯ್ತು' ಅಂದ್ಲು. ಆಮೇಲೆ ಮಾತೇ ಇಲ್ಲ. ಸಂಪರ್ಕ ಕಡಿದುಹೋಯ್ತು ಅಂದ್ಕೊಂಡು ಇಟ್ಟುಬಿಟ್ಟೆ."

ಮರಿಲೇನಾ ತಾಯಿಯ ತೋಳು ಹಿಡಿದು ಕಾರಿನ ಕಡೆ ನಡೆಸಿದಳು. ಬಾಗಿಲು ಹಾಕಿದ ಮೇಲೆ ಮೆಲ್ಲಗೆ ಕೇಳಿದಳು: "ಅಮ್ಮಾ, ಈಗಲೂ ಕಾಲ ಮಿಂಚಿಲ್ಲ. ಹೊಸ ಸಾಲಿನ ಗೂಡಿಗೇ ಅಂತ ಫೋನ್ ಮಾಡ್ಲಾ? ಇಷ್ಟು ವರ್ಷ ನಿಂಗೆ ಸುಳ್ಳು ಹೇಳಿದ್ಲಲ್ಲ."

ಮುಂದೆ ಹೆಣದ ಗಾಡಿ ಹೊರಟಿತು. ನಿಕೊಲೀನಾ ಅದರ ಹಿಂದೆ ಹೋಗು ಎಂದು ಕೈ ತೋರಿಸಿದಳು.

\* \* \*

ಆ ದಿನ ಮನೆಯಲ್ಲಿ ನಡೆದದ್ದನ್ನು ನಿಕೊಲೀನಾ ಯಾರಿಗೂ ಹೇಳಿರಲಿಲ್ಲ.

ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆಳಗಿನಿಂದ ಒಂದೇ ಮಾತು: "ಎರ್ಸಿಲಿಯಾ ಬಂದ್ಲಾ?" ಬರ್ತಾಳೆ ಅಮ್ಮ. "ಬಂದ್ಲಾ?" ದಾರೀಲಿದಾಳೆ ಅಮ್ಮ. ಬಾಯಿಗೆ ನೀರು ಬಿಡುತ್ತಿದ್ದ, ಬೆವರು ಒರೆಸುತ್ತಿದ್ದ ಮಗಳ ಹೆಸರು ಒಂದು ಸಲವೂ ಅವಳ ಬಾಯಿಗೆ ಬರಲಿಲ್ಲ. ಮಧ್ಯಾಹ್ನ ದಾಟಿ ಉಸಿರು ಕೀಳತೊಡಗಿದಾಗ ನಿಕೊಲೀನಾ ಮಂಚದ ಮೇಲೆ ಬಗ್ಗಿ, ತಾಯಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು: "ಬಂದೆ ಅಮ್ಮಾ. ನಾನೇ, ಎರ್ಸಿಲಿಯಾ."

ತಾಯಿಯ ಮುಖ ಅರಳಿತು. ಹಾಗೆ ಅರಳಿದ್ದನ್ನು ನಿಕೊಲೀನಾ ತನ್ನ ಜೀವಮಾನದಲ್ಲೇ ನೋಡಿರಲಿಲ್ಲ. ಆಮೇಲೆ ಆ ಒಣಗಿದ ಹೆಬ್ಬೆರಳು ಮಗಳ ಬೆರಳುಗಳ ತುದಿಯನ್ನು ಒಂದೊಂದಾಗಿ ಸವರಿತು. ಬೆಂದು ಗಟ್ಟಿಯಾದ ತುದಿಗಳನ್ನು ಹುಡುಕಿತು. ಸಿಕ್ಕಿದ್ದು ಸೋಪಿನ ನೀರಿನಲ್ಲಿ ಮೆತ್ತಗಾದ ಬೆರಳು.  ತಾಯಿ ಕೈಯನ್ನು ಬಿಡಿಸಿಕೊಂಡಳು. ಗೋಡೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ತಿರುಗಲೇ ಇಲ್ಲ.

ಸಂಜೆ ಎರ್ಸಿಲಿಯಾ ಸೈಕಲ್ಲನ್ನು ಅಂಗಳದಲ್ಲಿ ಬೀಳಿಸಿ ಒಳಗೆ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತು, "ಯಾರೂ ಹೇಳಲಿಲ್ಲ ನಂಗೆ" ಎಂದಳು. ಆಮೇಲೆ ಕೇಳಿದಳು: "ಅಮ್ಮ ನನ್ನ ಕೇಳಿದ್ಲಾ?"

"ಇಲ್ಲ" ಎಂದಳು ನಿಕೊಲೀನಾ. "ನಿದ್ದೆಯಲ್ಲೇ ಹೋದ್ಲು. ಯಾರನ್ನೂ ಕೇಳಲಿಲ್ಲ."

ಈ ಎರಡು ಮಾತಿನ ಮೇಲೆ ಅಕ್ಕ ತಂಗಿ ಹದಿನೈದು ವರ್ಷ ಒಂದೇ ಮೇಜಿನಲ್ಲಿ ಉಂಡರು. ಗಂಡ ಸತ್ತ ಮೇಲೆ ನಿಕೊಲೀನಾ ತಂಗಿಯ ಮನೆಗೇ ಬಂದು ಇದ್ದಳು. ಕಳೆದ ತಿಂಗಳು, ಕಾಯಿಲೆ ಹೊಟ್ಟೆಯನ್ನೆಲ್ಲ ತಿಂದು ಮುಗಿಸಿದ್ದಾಗ, ಎರ್ಸಿಲಿಯಾ ದಿಂಬಿನಿಂದ ತಲೆ ಎತ್ತಿ, "ನಿಕೊಲೀ, ಆವತ್ತು ಅಮ್ಮ ಹೋದ ದಿನ..." ಎಂದು ಶುರುಮಾಡಿದ್ದಳು.

"ಸೂಪು ಆರತ್ತೆ, ಕುಡಿ ಮೊದಲು" ಎಂದಿದ್ದಳು ನಿಕೊಲೀನಾ, ಚಮಚವನ್ನು ಅವಳ ತುಟಿಗೆ ಒತ್ತಿ.

ಎರ್ಸಿಲಿಯಾ ಅವಳನ್ನೇ ನೋಡುತ್ತ ಕುಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

\* \* \*

ಸ್ಮಶಾನದ ಗೋಡೆಯಲ್ಲಿ ಅಮಾಲಿಯಾಳ ಗೂಡಿನ ಪಕ್ಕದ ಗೂಡು ಬಾಯಿ ತೆರೆದು ನಿಂತಿತ್ತು. ಗಾರೆಯವನು ಕ್ರೆಶೆಂಜೊ ಬಾಂಡಲಿಯಲ್ಲಿ ಗಾರೆ ಕಲಸಿಟ್ಟುಕೊಂಡು, ಇಟ್ಟಿಗೆಗಳ ರಾಶಿಯ ಮೇಲೆ ಕೂತು ಕಾಯುತ್ತಿದ್ದ. ನಾಲ್ಕು ಜನ ಪೆಟ್ಟಿಗೆಯನ್ನು ಎತ್ತಿ ಗೂಡಿನ ಅಂಚಿಗೆ ತಂದು, ಒಮ್ಮೆ ನಿಕೊಲೀನಾಳ ಕಡೆ ನೋಡಿದರು. ಇಗರ್ಜಿಯಲ್ಲಿ ಆದದ್ದರ ಸುದ್ದಿ ಅವರಿಗಿಂತ ಮುಂಚೆಯೇ ಸ್ಮಶಾನ ಮುಟ್ಟಿತ್ತು.

"ಡೊನ್ನಾ ನಿಕೊಲೀನಾ, ಇಲ್ಲೇ ತಾನೇ?" ಎಂದ ಕ್ರೆಶೆಂಜೊ.

ಮರಿಲೇನಾ ತಾಯಿಯ ಮುಖ ನೋಡಿದಳು. ತಿತೀನಾ ಮಣಿ ಎಣಿಸುವುದನ್ನು ನಿಲ್ಲಿಸಿದಳು.

"ನೂಕಿ" ಎಂದಳು ನಿಕೊಲೀನಾ.

ಪೆಟ್ಟಿಗೆ ಕರಕರ ಸದ್ದು ಮಾಡುತ್ತ ಒಳಗೆ ಸರಿಯಿತು. ಕ್ರೆಶೆಂಜೊ ಕೆಳಗಿನಿಂದ ಸಾಲು ಸಾಲಾಗಿ ಇಟ್ಟಿಗೆ ಏರಿಸತೊಡಗಿದ. ಚಳಿಗೆ ಜನ ಕಾಲು ಬದಲಾಯಿಸುತ್ತ ನಿಂತರು. ಪಾದ್ರಿ ಕೊನೆಯ ಪ್ರಾರ್ಥನೆ ಮುಗಿಸಿ ಪುಸ್ತಕ ಮುಚ್ಚಿದರು. ಕೇಂದ್ರದವರು ದೂರದಲ್ಲೇ ನಿಂತಿದ್ದರು. ಮೆನ್ನಿಲ್ಲೊ ಅವರ ನಡುವೆ ಕಾಣಿಸಲಿಲ್ಲ. ಗೋಡೆ ಮೇಲೇರಿ, ಬಲಗಡೆಯ ಮೂಲೆಯಲ್ಲಿ ಒಂದು ಇಟ್ಟಿಗೆಯಷ್ಟು ಜಾಗ ಮಾತ್ರ ಉಳಿಯಿತು.

"ತಾಳು" ಎಂದಳು ನಿಕೊಲೀನಾ.

ಅವಳು ಮುಂದೆ ಬಂದು, ಗಾರೆಯ ಬಾಂಡಲಿ ದಾಟಿ, ತುದಿಗಾಲಲ್ಲಿ ನಿಂತು ಆ ಸಂದಿಗೆ ಬಾಯಿ ಹಚ್ಚಿದಳು. ಹಸಿ ಸಿಮೆಂಟಿಗೆ ಕೆನ್ನೆ ಒತ್ತಿತು. ಒಳಗಿನ ಕತ್ತಲೆಯಿಂದ ತಣ್ಣನೆಯ ಗಾಳಿ ಅವಳ ಹಲ್ಲಿಗೆ ತಾಗಿತು.

"ಕೇಳಿದ್ಲು ಕಣೇ" ಎಂದಳು. "ನಿನ್ನನ್ನೇ ಕೇಳಿದ್ಲು. ಬೆಳಗಿನಿಂದ, ಕೊನೆತನಕ, ನಿನ್ನೊಬ್ಬಳನ್ನೇ."

ಹಿಂದೆ ಸರಿದಳು. ಕ್ರೆಶೆಂಜೊ ಏನೂ ಕೇಳಿಸದವನಂತೆ ಇಟ್ಟಿಗೆಗೆ ಗಾರೆ ಮೆತ್ತಿ ಸಂದಿಯಲ್ಲಿ ಕೂರಿಸಿದ, ಕರಣೆಯ ಹಿಡಿಯಿಂದ ಎರಡು ಸಲ ತಟ್ಟಿದ.

ಮನೆಯ ದಾರಿಯಲ್ಲಿ ಕಾರಿನ ಗಾಜೆಲ್ಲ ಮಂಜು ಕವಿದಿತ್ತು. ನಿಕೊಲೀನಾಳ ಎಡಗೆನ್ನೆಯಿಂದ ಬಾಯಿಯ ಮೂಲೆಯ ತನಕ ಗಾರೆ ಅಂಟಿತ್ತು. ಅಂಚುಗಳಲ್ಲಿ ಆಗಲೇ ಒಣಗಿ ಬೆಳ್ಳಗಾಗುತ್ತಿತ್ತು. ಮರಿಲೇನಾ ಚೀಲದಿಂದ ಕರವಸ್ತ್ರ ತೆಗೆದು, ತುದಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿ ಅವಳ ಕೆನ್ನೆಯ ಹತ್ತಿರ ತಂದಳು. ನಿಕೊಲೀನಾ ಮುಖವನ್ನು ಗಾಜಿನ ಕಡೆಗೆ ತಿರುಗಿಸಿದಳು.